ಚುಕ್ಕಾಣಿಗೆ ತೋಡಿದ ಗುಂಡಿ

ಗ್ರೀಸು ಜಾಸ್ತಿಯಾಗಿತ್ತು. ಪಾಜಿಗೆ ಡೌಟು ಹುಟ್ಟಿದ್ದೇ ಅಲ್ಲಿ.

ಜಂಜಿಬಾರಿಗೆ ಎದುರಿರೋ ಕುಂಡೂಚಿ ಕಡಲದಂಡೆ ಮೇಲೆ ಅವನ ಹಳೇ ಹಾಯಿದೋಣಿ ಸುಬಿರಾ ನಾಕು ಮರದ ಕಂಬಕ್ಕೆ ಒರಗಿ ನಿಂತಿತ್ತು, ಮಂಡಿ ಆಪರೇಶನ್ ಆದ ಅಜ್ಜಿ ಥರ. ಹೋದ ತಿಂಗಳು ನಡುನೀರಲ್ಲಿ ಅದರ ಚುಕ್ಕಾಣಿ ಹಿಡಿ ಅಲ್ಲಾಡೋ ಹಲ್ಲಿನ ಹಾಗಾಗಿ, ಚುಕ್ಕಾಣಿ ಹೊತ್ತ ಶಾಫ್ಟು ದೋಣಿ ತಳ ತೂರೋ ಕುತ್ತಿಗೆಯಿಂದ ಬಕೆಟ್‌ಗಟ್ಟಲೆ ನೀರು ಒಳಗೆ ಬಂದಿತ್ತು. ಅದಕ್ಕೇ ಮಂಗಳವಾರ ಮಿಸ್ತ್ರಿ ಮಿಹಾಂಬೊ ಬಂದ. ಶಾಫ್ಟು ಎಷ್ಟುದ್ದ ಅಂದ್ರೆ ಕೆಳಗೆ ಗುಂಡಿ ತೋಡದೆ ಹೊರಗೆ ಬರಲ್ಲ. ತೋಡಿದ. ಚುಕ್ಕಾಣಿನ ಶಾಫ್ಟಿನ ಸಮೇತ ಗುಂಡಿಗಿಳಿಸಿ, ಕೈಗಾಡಿ ಮೇಲೆ ಹಾಕ್ಕೊಂಡು ತನ್ನ ಶೆಡ್ಡಿಗೆ ಹೋದ.

ಶನಿವಾರ ಬೆಳಿಗ್ಗೆ ಪಾಜಿ ಬಂದು ನೋಡಿದ್ರೆ ಎಲ್ಲಾ ವಾಪಸ್ ಏರಿಸಿ ಆಗಿದೆ. ಶಾಫ್ಟಿನ ತುದಿ ನಾಕು ಬೆರಳಷ್ಟು ಕಾಣ್ತಿದೆ, ಅದಕ್ಕೂ ಮದುಮಗಳಿಗೆ ಅರಿಶಿನ ಮೆತ್ತಿದ ಹಾಗೆ ಗ್ರೀಸು. ಇಷ್ಟು ಮೆತ್ತೋನು ಏನೋ ಮುಚ್ತಾ ಇರ್ತಾನೆ.

"ಏನೋ, ನನ್ನ ಕಂಚಿನ ಶಾಫ್ಟೇ ತಾನೆ ಒಳಗಿರೋದು?"

"ಇಲ್ಲ. ಮಾರ್ಕೊಂಡೆ. ಪಿಲಾವ್ ತಿಂದೆ. ಮಾಂಸ ಸ್ವಲ್ಪ ಕಮ್ಮಿ ಇತ್ತು," ಅಂದ ಮಿಹಾಂಬೊ, ಹಲ್ಲಿಗೆ ಕಡ್ಡಿ ಹಾಕ್ತಾ.

ಬೇರೆ ಯಾರಾದ್ರೂ ಹೀಗಂದಿದ್ರೆ ಆ ಕಡ್ಡಿಗೆ ಕೆಲಸ ಇರ್ತಿರಲಿಲ್ಲ, ಹಲ್ಲೇ ಉಳೀತಿರಲಿಲ್ಲ. ಆದರೆ ಪಾಜಿ ಕರಾವಳಿಯ ಜರಾಮೊ ಕುಲದೋನು, ಮಿಹಾಂಬೊ ಒಳನಾಡಿನ ನ್ಯಾಮ್ವೇಜಿ. ಮುತ್ತಾತನ ಕಾಲದಿಂದ ಈ ಎರಡು ಕುಲ ಒಬ್ಬರಿಗೊಬ್ಬರು ಮ್ತಾನಿ, ಅಂದ್ರೆ ಗೇಲಿ ನೆಂಟರು. ಬೈಬಹುದು, ಚಪ್ಪಲಿ ಎಗರಿಸಬಹುದು, ಹೆಣಕ್ಕೆ ತೋಡಿದ ಗುಂಡೀಲಿ ತಾನೇ ಮಲಗಿ 'ಹುಂಜ ಕೊಟ್ರೆ ಏಳ್ತೀನಿ' ಅಂತ ಹಟ ಮಾಡಬಹುದು. ಸಿಟ್ಟು ಮಾತ್ರ ಮಾಡ್ಕೊಳ್ಳೋ ಹಾಗಿಲ್ಲ. ಸಿಟ್ಟಾದೋನು ಸೋತ. ದಂಡ ಒಂದು ಹುಂಜ.

ಬುಧವಾರ ಇದೇ ಮಿಹಾಂಬೊ ಪಾಜಿ ಮನೆ ಬಾಗಿಲಿಗೆ ಬಂದು ಎದೆ ಬಡ್ಕೊಂಡು ಅತ್ತಿದ್ದ: "ಅಯ್ಯಯ್ಯೋ, ಶಾಫ್ಟು ಸತ್ತುಹೋಯ್ತಲ್ರಪ್ಪೋ!" ಮನೆಮಂದಿಯೆಲ್ಲ ನಕ್ಕು ನಕ್ಕು ಚಪ್ಪಾಳೆ ಹೊಡೆದು ಚಾ ಕೊಟ್ಟಿದ್ರು.

ಈಗ ಪಾಜಿಗೆ ಪೀಕಲಾಟ. 'ಕದ್ದಿಲ್ಲ' ಅನ್ನೋ ಕಳ್ಳನ್ನ ಹಿಡೀಬಹುದು. 'ಕದ್ದೆ' ಅಂತ ನಗ್ತಾ ನಿಂತೋನನ್ನ ಹೆಂಗೆ ಹಿಡಿಯೋದು? ಸಾಯಂಕಾಲ ನಾಕಕ್ಕೆ ಹುಣ್ಣಿಮೆ ಉಬ್ಬರ, ದೋಣಿ ತೇಲುತ್ತೆ. ಅದು ತಪ್ಪಿದ್ರೆ ಇನ್ನು ಹದಿನೈದು ದಿನ ಮರಳಲ್ಲೇ. ನಾಳೆ ಬೆಳಿಗ್ಗೆ ಮಗಳು ಸಿವೆಮಾ ಇದೇ ದೋಣೀಲಿ ಜಂಜಿಬಾರಿಗೆ, ಗಂಡನ ಮನೆಗೆ ಹೊರಡಬೇಕು. ಆ ಕಡೆಯೋರು ಅಡುಗೆಗೆ ಒಲೆ ಹೂಡಿ ಆಗಿದೆ. ಒಳಗಿರೋದು ಬಣ್ಣ ಹೊಡೆದ ಕಬ್ಬಿಣ ಆಗಿದ್ರೆ?

ಸೀದಾ ರಸ್ತೆ ಬದಿ ಗುಜರಿ ಅಂಗಡಿಗೆ ನಡೆದ. ಮೂಲೇಲಿ ಮುರುಕು ಫ್ಯಾನುಗಳ ಮಧ್ಯೆ ತೋಳುದ್ದದ ಕಂಚಿನ ತುಂಡು. ತುದೀಲಿ ಅರದಿಂದ ಉಜ್ಜಿದ ಮೂರು ಗೆರೆ. ಚುಕ್ಕಾಣಿ ನೇರ ಇದೆಯಾ ಅಂತ ತಿಳಿಯೋಕೆ ಪಾಜೀನೇ ಹಾಕಿದ ಗೆರೆ ಅವು.

"ಇದ್ಯಾರಜ್ಜಿ ತಂದಿದ್ದು?"

"ಇನ್ಯಾರು? ನಿನ್ನ ಮ್ತಾನಿ," ಅಂದ್ಳು ಅಂಗಡಿ ಅಜ್ಜಿ. "ತೂಕ ಹಾಕುವಾಗ ಬೇರೆ ಅಳ್ತಿದ್ದ, ನಾಟಕದೋನು."

ಪಾಜಿ ತುಂಡನ್ನ ಹೆಗಲಿಗೇರಿಸಿಕೊಂಡು ದಂಡೆಗೆ ಎಂಟ್ರಿ ಕೊಟ್ಟ. ಹಿಂದೆ ತಮಟೆ ಇಲ್ಲ ಅನ್ನೋದೊಂದೇ ಕೊರತೆ.

ಮಿಹಾಂಬೊ ಚುಕ್ಕಾಣಿ ಗುಂಡಿ ಒಳಗೆ ಕೈ ಕಟ್ಕೊಂಡು ಅಂಗಾತ ಮಲಗಿದ್ದ. ಬೆನ್ನಡಿ ನೀರು ಜಿನುಗ್ತಿತ್ತು.

"ನಾನು ಸತ್ತಿದೀನಿ. ಕೂಲಿ ಮೇಲೊಂದು ಹುಂಜ ಬಂದ್ರೆ ಮಾತ್ರ ಮರುಜನ್ಮ."

"ಏಳೋ ಕಳ್ಳಾ!" ಪಾಜಿ ಕಿರುಚಿದ. "ನನ್ನ ಮಗಳ ಪ್ರಾಣ ಮಾರಿ ಪಿಲಾವ್ ತಿಂದ್ಯಲ್ಲೋ!"

ಪಕ್ಕದ ದೋಣಿಗಳಲ್ಲಿ ಸುತ್ತಿಗೆ ಸದ್ದು ನಿಂತೋಯ್ತು. ಮ್ತಾನಿ ಮೇಲೆ ಸಿಟ್ಟಾ? ಮಿಹಾಂಬೊ ಮುಖದ ನಗು ಇಳೀತು. ಎದ್ದು ಮರಳು ಕೊಡವಿ, ಸುತ್ತಿಗೆ ಚಾಚಿದ.

"ಹೊಡಿ."

"ನಿನಗಾ?"

"ಮೊದಲು ಅದಕ್ಕೆ. ಆಮೇಲೂ ಆಸೆ ಇದ್ರೆ ನನಗೆ."

ಪಾಜಿ ತುಂಡನ್ನ ಕಲ್ಲಿಗೊರಗಿಸಿ ಒಂದು ಬಿಟ್ಟ. ಒಣಗಿದ ಮರಗೆಣಸಿನ ಥರ ಲಟಕ್ ಅಂತ ಎರಡಾಯ್ತು. ಮೇಲೆ ಚಿನ್ನದ ಬಣ್ಣ, ಒಳಗೆ ಒಸಡಿನ ಹಾಗೆ ಕೆಂಪು, ಉಗುರಿಟ್ರೆ ಪುಡಿ.

"ನಲವತ್ತು ವರ್ಷ ಉಪ್ಪುನೀರು ತಿಂದಿದೆ. ಇನ್ನೊಂದೇ ಒಂದು ಅಲೆ ಸಾಕಾಗಿತ್ತು."

"ಮೊದಲೇ ಬೊಗಳೋಕೇನಾಗಿತ್ತು?"

"ಬಾಗಿಲಿಗೇ ಬಂದು ಅತ್ತೆನಲ್ಲ! ನಿಮ್ಮೋರು ಚಪ್ಪಾಳೆ ಹೊಡೆದ್ರು. ಮಾರ್ಕೊಂಡೆ ಅಂತಾನೂ ಹೇಳ್ದೆ. ಇನ್ನೇನು, ಮೈಕು ಹಿಡ್ಕೊಂಡು ಹೇಳಲಾ?"

"ಒಳಗಿರೋದು ಯಾವುದು ಹಾಗಾದ್ರೆ?"

"ಬಂಡೆಗೆ ಬಡಿದು ಒಡೆದುಹೋದ ದೋಣೀದು, ತುಕ್ಕು ಹಿಡಿಯದ ಉಕ್ಕು. ಆರು ವರ್ಷ ನನ್ನ ಮಂಚದಡಿ ಇತ್ತು. ಕುತ್ತಿಗೇಲಿ ಅದನ್ನ ಬಿಗಿಹಿಡಿಯೋ ಬುಶ್ಶೂ ಹೊಸದು."

ಮತ್ತೆ ಮ್ತಾನಿ ಮಾತೇ. ಹಳೇದು ಕೊಳೆತಿತ್ತು ಸರಿ. ಹೊಸದು ಗಟ್ಟಿ ಅಂತ ಯಾರು ಕಂಡೋರು? ಪಾಜಿ ಸಲಿಕೆ ಎತ್ಕೊಂಡ. ಇಬ್ಬರೂ ಸೇರಿ ಗುಂಡಿ ಮುಚ್ಚಿದ್ರು.

ನಾಕಕ್ಕೆ ನೀರೇರಿ ಸುಬಿರಾ ಮೈ ಮುರಿದು ತೇಲ್ತು. ದಡದಲ್ಲಿ ಸಿವೆಮಾ ಕೂಗಿದಳು, "ಅಪ್ಪಾ, ಗಂಟುಮೂಟೆ ಈಗಲೇ ಏರಿಸಲಾ?"

"ತಡಿ. ಒಬ್ಬನೇ ಆಚೆ ಬಂಡೆಸಾಲು ದಾಟಿ ನೋಡ್ಕೊಂಡು ಬರ್ತೀನಿ, ಆಮೇಲೆ ಹೇಳ್ತೀನಿ."

ಅಷ್ಟರಲ್ಲಿ ಹಿಂದೆ ಛಪ್ ಛಪ್ ಸದ್ದು. ಮಿಹಾಂಬೊ ನೀರಿಗಿಳಿದಿದ್ದ. ಇಪ್ಪತ್ತು ವರ್ಷದಿಂದ ದೋಣಿ ರಿಪೇರಿ ಮಾಡೋನು ಮೊಣಕಾಲಿಗಿಂತ ಮೇಲೆ ಸಮುದ್ರ ಮುಟ್ಟಿಸಿಕೊಂಡೋನಲ್ಲ. ಈಜು ಬರಲ್ಲ ಅಂತ ಇಡೀ ದಂಡೆ ಅವನನ್ನ ರೇಗಿಸ್ತಿತ್ತು. ಈಗ ಸೊಂಟ, ಎದೆ, ಗಲ್ಲ. ಕಣ್ಣು ಮುಚ್ಕೊಂಡು, ತಾಯಿನ ಕರೀತಾ, ದೋಣಿ ಅಂಚು ಹಿಡಿದು ಒಳಗೆ ಬಿದ್ದ.

"ಎಲ್ಲಿಗೋ?"

"ನಿನ್ನ ಜೊತೆ. ಶಾಫ್ಟು ಮುರಿದ್ರೆ ನೀನು ಈಜ್ಕೊಂಡು ಬರ್ತೀಯ. ನಾನು?" ಹಲ್ಲು ಕಟಕಟ ಅಂತಿತ್ತು. "ಹೊರಡು, ಧೈರ್ಯ ಖಾಲಿಯಾಗೋಕೆ ಮುಂಚೆ."

ಪಾಜಿ ಅವನ ಮುಖ ನೋಡಿದ. ಆಮೇಲೆ ಬಗ್ಗಿ ಶಾಫ್ಟಿನ ಕುತ್ತಿಗೆ ಸುತ್ತ ಬೆರಳಾಡಿಸಿದ. ಗ್ರೀಸು ಇತ್ತು. ನೀರಿರಲಿಲ್ಲ. ಹಿಡಿ ಎಡಕ್ಕೆಳೆದ, ಬಲಕ್ಕೆಳೆದ. ಸಲೀಸಾಗಿ ತಿರುಗ್ತು, ಶಾಫ್ಟು ಮಾತ್ರ ಒಂದು ಕೂದಲಷ್ಟೂ ಅಲ್ಲಾಡಲಿಲ್ಲ.

"ಸಿವೆಮಾ!" ದಡದ ಕಡೆ ಕೂಗಿದ. "ಗಂಟುಮೂಟೆ ಕಟ್ಟಿಡು! ಮತ್ತೆ ಆ ಕೆಂಪು ಹುಂಜ ಹಿಡಿ, ಸೋತಿದೀನಿ!"

ದೋಣಿ ತಳದಲ್ಲಿ ಮುದುಡಿ ಮಲಗಿದ್ದ ಮಿಹಾಂಬೊ ಕಣ್ಣು ಬಿಡದೇ ಅಂದ: "ಕಪ್ಪು ಹುಂಜ ಹೇಳು. ಕೆಂಪುದಕ್ಕೆ ಮಾಂಸ ಕಮ್ಮಿ."