ಹಿಟ್ಟಿನ ಗಾಡಿ

"ಇನ್ನು ನಿನ್ನ ಕೈ ಈ ಗಾಡಿಗೆ ತಾಗಲಿಕ್ಕೆ ನಾನು ಬಿಡುವುದಿಲ್ಲ ಮಗಾ, ಇದು ನನ್ನ ಮಾತು" ಎಂದು ಒಂಬತ್ತು ವರ್ಷಗಳ ಹಿಂದೆ ಮಗಳಿಗೆ ಹೇಳಿದ್ದ ಚೆನ್ನಯ ಪೂಜಾರಿಯನ್ನು ಅದೇ ಗಾಡಿಯ ಹಿಂಭಾಗದಲ್ಲಿ ಮಲಗಿಸಿ ಆಗಿತ್ತು. ಮೀಯಿಸಿ ಹೊದಿಸಿದ ಬಿಳಿ ಬಟ್ಟೆಯಿಂದ ಇನ್ನೂ ನೀರು ಇಳಿಯುತ್ತಿತ್ತು. ಸ್ಟೇರಿಂಗಿನ ಮುಂದೆ ಕುಳಿತ ಸೀನ, ಚೆನ್ನಯನ ತಂಗಿಯ ಮಗ, ಚಾವಿ ತಿರುಗಿಸಿದ.

ಟಕ್.

ಮತ್ತೊಮ್ಮೆ ತಿರುಗಿಸಿದ. ಟಕ್. ಚಾಳಿನ ಓಣಿಯಲ್ಲಿ ಸೇರಿದ್ದ ನಲವತ್ತು ಮಂದಿಯ 'ಗೋವಿಂದಾ ಗೋವಿಂದ' ಅರ್ಧಕ್ಕೇ ನಿಂತಿತು.

"ಬ್ಯಾಟರಿ ಡೌನ್ ಇರ್ಬೇಕು."

"ಹಾರ್ನ್ ಹೊಡಿ ನೋಡುವ."

ಸೀನ ಒತ್ತಿದ. ಹಾರ್ನು ಇಡೀ ಚೆಂಬೂರಿಗೆ ಕೇಳಿಸುವಷ್ಟು ಜೋರಾಗಿ ಕೂಗಿತು. ಹೆಡ್‌ಲೈಟು ಬಿಸಿಲಿನಲ್ಲೂ ಕಣ್ಣು ಕುಕ್ಕಿತು. ಗುಂಪಿನಲ್ಲಿ ಯಾರೋ, "ಚೆನ್ನಯಣ್ಣನಿಗೆ ಹೋಗ್ಲಿಕ್ಕೆ ಮನಸ್ಸಿಲ್ಲ ಕಾಣ್ತದೆ" ಎಂದರು. ಒಂದಿಬ್ಬರು ನಕ್ಕೂಬಿಟ್ಟರು.

ಆಂಬುಲೆನ್ಸ್ ಬೇಡ ಎಂದವನು ಈಶ್ವರ ಶೆಟ್ಟಿ. ಚೆಂಬೂರು, ಬಾಂದ್ರಾ, ಪರೇಲ್ ಮೂರೂ ಕಡೆ ಅವನ ಹೋಟೆಲುಗಳು. ಇಡ್ಲಿ ದೋಸೆಯ ಹಿಟ್ಟು ರುಬ್ಬುವುದು ಚೆಂಬೂರಿನಲ್ಲಿ. ಅದನ್ನು ಡ್ರಮ್ಮುಗಳಲ್ಲಿ ತುಂಬಿ ಉಳಿದೆರಡು ಕಡೆಗೆ ಮುಟ್ಟಿಸುವುದು ಈ ಪಿಕಪ್ಪು. "ಇಷ್ಟು ವರ್ಷ ಓಡಿಸಿದ ಗಾಡಿ. ಅದರಲ್ಲೇ ಹೋಗಲಿ, ಅವನಿಗೊಂದು ಮರ್ಯಾದೆ" ಎಂದು ಬಾಂದ್ರಾದಿಂದ ಆಗಷ್ಟೇ ಓಡಿ ಬಂದ ಗಾಡಿಯ ಸುತ್ತ ತಾನೇ ನಿಂತು ಗೊಂಡೆ ಹೂವಿನ ಮಾಲೆ ಕಟ್ಟಿಸಿದ್ದ. ಈಗ ನಲವತ್ತು ಮಂದಿಯೆದುರು ಆ ಮರ್ಯಾದೆ ಟಕ್ ಟಕ್ ಎನ್ನುತ್ತಿತ್ತು.

"ತಳ್ಳಿ ಮಾರಾಯ್ರೆ, ನಾಲ್ಕು ಜನ ಕೈ ಹಚ್ಚಿ. ಸ್ಮಶಾನದಲ್ಲಿ ಹನ್ನೆರಡಕ್ಕೆ ನಮ್ಮ ಪಾಳಿ" ಎಂದ. ಆಮೇಲೆ ಪಕ್ಕದವನಿಗೆ ಮೆಲ್ಲಗೆ ಹೇಳಿದೆನೆಂದುಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಅವನದ್ದು ಮೊದಲಿಂದಲೂ ಇದೇ ಚಾಳಿ. ಕೆಲಸಕ್ಕೆ ಹೊರಡು ಅಂದ್ರೆ ಗಾಡಿಗೆ ಜ್ವರ."

ಹೆಣದ ಕಾಲಬಳಿ ನಿಂತಿದ್ದ ಮಗಳು ಯಕ್ಷಿತಾಳಿಗೆ ಎರಡು ದಿನದಿಂದ ಬಾರದ ಅಳು ಆಗಲೂ ಬರಲಿಲ್ಲ. ಬಂದದ್ದು ಬೇರೆಯೇ.

"ಯಾರೂ ಮುಟ್ಟಬೇಡಿ ಗಾಡಿಯನ್ನು" ಎಂದಳು.

* * *

ಅವಳ ಹತ್ತನೇ ಕ್ಲಾಸಿನ ಅರ್ಧವಾರ್ಷಿಕ ಗಣಿತ ಪರೀಕ್ಷೆಯ ದಿನ ಚೆನ್ನಯ ಮಗಳನ್ನು ಶಾಲೆಗೆ ಬಿಟ್ಟು ಹಾಗೆಯೇ ಬಾಂದ್ರಾಕ್ಕೆ ಹೋಗುವುದೆಂದು ಗಾಡಿ ಹತ್ತಿಸಿಕೊಂಡಿದ್ದ. ಸಿಗ್ನಲ್ಲಿನಲ್ಲಿ ಗಾಡಿ ಬಂದ್ ಬಿತ್ತು. ಟಕ್. ಹಿಂದಿನವರೆಲ್ಲ ಹಾರ್ನು. ಚೆನ್ನಯ ಸ್ಟೇರಿಂಗ್ ಹಿಡಿದ, ಮಗಳು ಇಳಿದು ತಳ್ಳಿದಳು. ಡ್ರಮ್ಮಿನಿಂದ ಉಕ್ಕಿದ ಹಿಟ್ಟು ಹಿಂಬಾಗಿಲ ಮೇಲೆಲ್ಲ ಸುರಿದಿತ್ತು. ಪಕ್ಕದಲ್ಲಿ ಹೋದ ಶಾಲೆಯ ಬಸ್ಸಿನ ಕಿಟಕಿಗಳ ತುಂಬ ಅವಳ ಕ್ಲಾಸಿನ ಮುಖಗಳು.

ಇಪ್ಪತ್ತು ನಿಮಿಷ ತಡ. ಪೇಪರಿನ ಮೇಲೆ ಅವಳ ಕೈಯಿಂದ ಹುಳಿ ವಾಸನೆ. ಮೂರು ತಿಂಗಳು 'ದೋಸಾ, ದೋಸಾ' ಎಂದು ಕರೆಸಿಕೊಂಡಳು.

ಆ ಸಂಜೆ ಚೆನ್ನಯ ಅವಳ ಎರಡೂ ಅಂಗೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಮಾತು ಕೊಟ್ಟ. ದೊಡ್ಡ ಮಾತುಗಳ ಮನುಷ್ಯನಲ್ಲ ಅವನು. ಬೀಡಿ ಬಿಡುತ್ತೇನೆಂದೋ ಊರಲ್ಲಿ ಮನೆ ಕಟ್ಟಿಸುತ್ತೇನೆಂದೋ ಹೆಂಡತಿಗೆ ಎಂದೂ ಹೇಳಿದವನಲ್ಲ. ಬದುಕಿನಲ್ಲಿ ಕೊಟ್ಟದ್ದು ಅದೊಂದೇ ಮಾತು. ಅದನ್ನು ಹಿಡಿದುಕೊಂಡದ್ದು ಮಾತ್ರ ಹಟಮಾರಿಯ ಹಾಗೆ.

* * *

"ಮಗಾ, ಹೆಣ ಇಟ್ಟುಕೊಂಡು ಜಗಳ ಬೇಡ" ಎಂದಳು ಹೊಸ್ತಿಲಲ್ಲಿ ಕುಳಿತಿದ್ದ ತಾಯಿ ಶೀಲಾವತಿ.

"ಜಗಳ ಅಲ್ಲ ಅಮ್ಮ. ಶೆಟ್ರು ಪಪ್ಪನಿಗೆ ಏನು ಹೇಳಿದ್ರು ಅಂತ ಕೇಳ್ತಿದ್ದೇನೆ. ದೂಜಣ್ಣ, ಮೊನ್ನೆ ಫೋನು ಬಂದಾಗ ನೀವು ಅಲ್ಲೇ ಇದ್ರಲ್ಲ?"

ದೂಜ ಮೂವತ್ತು ವರ್ಷದಿಂದ ಶೆಟ್ಟಿಯ ಹಿಟ್ಟು ರುಬ್ಬುವವನು. ಎಲ್ಲರ ಕಣ್ಣೂ ತನ್ನ ಮೇಲೆ ಬಿದ್ದದ್ದು ಕಂಡು ಬೈರಾಸನ್ನು ಹೆಗಲಿನಿಂದ ತೆಗೆದು ಮತ್ತೆ ಹೆಗಲಿಗೇ ಹಾಕಿಕೊಂಡ.

"ಈಗ ಅದೆಲ್ಲ ಯಾಕೆ ಯಕ್ಷೀ..."

"ಹೇಳಿ."

"ಬಾಂದ್ರಾದಿಂದ ಚೆನ್ನಯ ಮಾಡಿದ್ದು. ಗಾಡಿ ಸ್ಟಾರ್ಟ್ ತಗೊಳ್ತಾ ಇಲ್ಲ, ಇಬ್ಬರು ಹುಡುಗರನ್ನು ತಳ್ಳಲಿಕ್ಕೆ ಕೊಡಿ ಅಂತ. ಶೆಟ್ರು..." ದೂಜ ಒಮ್ಮೆ ಶೆಟ್ಟಿಯ ಕಡೆ ನೋಡಿದ. "ಶೆಟ್ರು ಅಲ್ಲಿನ ಮ್ಯಾನೇಜರಿಗೆ ಫೋನು ಮಾಡಿ, ಯಾರನ್ನೂ ಕಳಿಸಬೇಡಿ, ಅವನ ನಾಟಕ, ಒಬ್ಬನೇ ತಳ್ಳಿದ್ರೆ ಬುದ್ಧಿ ಬರ್ತದೆ ಅಂದ್ರು."

ಅಕ್ಟೋಬರಿನ ಮಧ್ಯಾಹ್ನ. ಹೋಟೆಲಿನ ಹಿಂದಿನ ಗಲ್ಲಿ. ಐವತ್ತೆಂಟು ವರ್ಷದ ಚೆನ್ನಯ ಬಾಗಿಲು ತೆರೆದಿಟ್ಟು, ಒಂದು ಕೈ ಸ್ಟೇರಿಂಗಿಗೆ ಕೊಟ್ಟು, ಭುಜ ಕೊಟ್ಟು ಒಬ್ಬನೇ ತಳ್ಳಿದ. ಗಾಡಿ ಹತ್ತು ಮಾರು ಹೋಯಿತು. ಚೆನ್ನಯ ಹೋಗಲಿಲ್ಲ. ಅವನನ್ನು ಆಸ್ಪತ್ರೆಗೆ ಒಯ್ದ ಮೇಲೆ ಮ್ಯಾನೇಜರು ಬಂದು ಚಾವಿ ತಿರುಗಿಸಿದರೆ, ಗಾಡಿ ಒಂದೇ ಏಟಿಗೆ ಚಾಲೂ.

"ಅದೇ ನಾನು ಹೇಳುವುದು!" ಶೆಟ್ಟಿ ಧ್ವನಿ ಏರಿಸಿದ. "ಎರಡು ಬ್ಯಾಟರಿ ಹಾಕಿಸಿದೆ. ಸ್ಟಾರ್ಟರ್ ಬದಲಿಸಿದೆ. ಮೆಕ್ಯಾನಿಕ್ ಬಂದಾಗೆಲ್ಲ ಗಾಡಿ ಸರಿ ಇರ್ತದೆ. ಇವನ ಕೈಯಲ್ಲಿ ಮಾತ್ರ ನಿಲ್ತದೆ ಅಂದ್ರೆ ನಾನು ಏನು ತಿಳ್ಕೊಬೇಕು? ಹೃದಯ ವೀಕ್ ಇತ್ತು ಅಂತ ಡಾಕ್ಟ್ರೇ ಹೇಳಿದ್ದಾರೆ. ನೀನು ಕಲಿತ ಹುಡುಗಿ, ಸಮಾಧಾನ ತಗೋ."

"ಪುಣ್ಯವಂತ, ನರಳಲಿಲ್ಲ" ಎಂದಿತು ಗುಂಪಿನ ಒಂದು ದನಿ. ಬೆಳಗಿನಿಂದ ಅದು ಹನ್ನೊಂದನೆಯ ಸಲ. ಯಕ್ಷಿತಾ ಎಣಿಸುತ್ತಿದ್ದಳು.

* * *

ಅವಳಿಗೆ ಪರೇಲಿನ ಆಸ್ಪತ್ರೆಯೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ಮಾನಿಟರು ಯಾಕೆ ಬೀಪ್ ಮಾಡುತ್ತದೆ, ಪಂಪು ಯಾಕೆ ನಿಲ್ಲುತ್ತದೆ ಎಂದು ದಿನವಿಡೀ ಹುಡುಕುವವಳು. ಕಳೆದ ಮಳೆಗಾಲದಲ್ಲಿ ಊಟಕ್ಕೆ ಕುಳಿತ ಚೆನ್ನಯ ಎಂದಿನಂತೆ ಗಾಡಿಯ ಕಷ್ಟ ಹೇಳಿಕೊಂಡ.

"ಬೆಳಿಗ್ಗೆ ಒಂದೇ ಚಾವಿಗೆ ಬರ್ತದೆ. ಬಾಂದ್ರಾದಲ್ಲಿ ಇಳಿಸಿ ಹೊರಡುವಾಗ ಟಕ್. ಅರ್ಧ ಗಂಟೆ ಕೂತ್ರೆ ಮತ್ತೆ ಬರ್ತದೆ. ಮೆಕ್ಯಾನಿಕ್ ಬರುವಷ್ಟರಲ್ಲಿ ಸರಿಯಾಗಿ, ನನ್ನ ಮುಖ ನೋಡಿ ನಗ್ತದೆ."

"ಬಿಸಿಯಾದಾಗ ಮಾತ್ರ ಅಂತಾಯ್ತು. ಅರ್ಥಿಂಗ್ ವಯರು ನೋಡಿಸಿದ್ದೀರಾ ಪಪ್ಪ?"

"ಮೆಕ್ಯಾನಿಕ್ಕಿನವನ ಹತ್ರ ಕೇಳಿದೆ. 'ಹಾರ್ನ್ ಬಜ್ ರಹಾ ಹೈ ನಾ ಚಾಚಾ, ಅರ್ಥಿಂಗ್ ಕೋ ಕ್ಯಾ ಹುವಾ' ಅಂದ. ಹಾರ್ನು ಕೂಗಿದ್ರೆ ಅರ್ಥಿಂಗ್ ಸರಿ ಉಂಟಂತೆ."

"ಹಾರ್ನಿಗೆ ಚಿಟಿಕೆಯಷ್ಟು ಕರೆಂಟು ಸಾಕು. ಸ್ಟಾರ್ಟರಿಗೆ ಕೊಡಗಟ್ಟಲೆ ಬೇಕು. ದಾರಿಯಲ್ಲಿ ತುಕ್ಕು ಕೂತಿದ್ರೆ ಹಾರ್ನು ಕೂಗ್ತದೆ, ಸ್ಟಾರ್ಟರ್ ತಿರುಗೋದಿಲ್ಲ. ನಡೀರಿ, ನಾನೇ ನೋಡ್ತೇನೆ. ಹತ್ತು ನಿಮಿಷ."

ಚೆನ್ನಯ ಅನ್ನದ ಕೈಯಲ್ಲೇ ಎದ್ದು ಬಾಗಿಲಿಗೆ ಅಡ್ಡ ನಿಂತ.

"ಬೇಡ. ಮಾತು ಅಂದ್ರೆ ಮಾತು."

"ಪಪ್ಪ, ಆಗ ನಾನು ಮಗು!"

"ಮಗುವಿಗೆ ಕೊಟ್ಟ ಮಾತಿಗೆ ಕಿಮ್ಮತ್ತಿಲ್ಲವಾ?"

ಅವಳಿಗೆ ಸಿಟ್ಟು ಬಂತು. ಸಾಯಿರಿ ಆ ಗಾಡಿಯ ಜೊತೆ, ಎಂದಳು. ಎಲ್ಲ ಮಕ್ಕಳೂ ಹೇಳುವ ಹಾಗೆ ಹೇಳಿ, ತಟ್ಟೆ ಎತ್ತಿಕೊಂಡು ಹೋಗಿ ತೊಳೆದಳು.

* * *

ಹೆಣದ ಬಟ್ಟೆಯ ನೀರು ಗಾಡಿಯ ತಗಡಿನ ಮೇಲೆ ಹರಿದು ಒಂದು ಮೂಲೆಗೆ ಹೋಗುತ್ತಿತ್ತು. ಅಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ ತೂತು. ಯಕ್ಷಿತಾ ಅದನ್ನೇ ನೋಡಿದಳು. ನೀರು ತೂತಿನಲ್ಲಿ ಇಳಿಯುತ್ತಿತ್ತು. ಹಾಗಾದರೆ ಕೆಳಗೆ ಎಲ್ಲಿ ಬೀಳುತ್ತದೆ?

ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಓಣಿಯ ಕಲ್ಲಿನ ಮೇಲೆ ಮಂಡಿಯೂರಿದಳು. "ಹೆಣ್ಣುಮಗಳು, ಇಂಥ ಹೊತ್ತಲ್ಲಿ..." ಎಂದ ದನಿಯ ಕಡೆಗೆ ತಿರುಗಿಯೂ ನೋಡಲಿಲ್ಲ. ಗಾಡಿಯ ಬದಿಯಲ್ಲಿ, ತಗಡಿನ ಕೆಳಗೆ, ಬ್ಯಾಟರಿ. ಅದರ ಕಪ್ಪು ಅರ್ಥಿಂಗ್ ವಯರು ಚಾಸಿಯ ಕಬ್ಬಿಣದ ಚೌಕಟ್ಟಿಗೆ ಬಂದು ಒಂದು ಬೋಲ್ಟಿನಲ್ಲಿ ಮುಗಿಯುತ್ತಿತ್ತು. ಹನಿ ಬೀಳುತ್ತಿದ್ದದ್ದು ನೆಟ್ಟಗೆ ಅದರ ತಲೆಯ ಮೇಲೆ. ಬೋಲ್ಟು ಕಾಣಿಸುತ್ತಲೇ ಇರಲಿಲ್ಲ. ಒಣಗಿದ ಹಿಟ್ಟು, ಅದರ ಮೇಲೆ ತುಕ್ಕು, ತುಕ್ಕಿನ ಮೇಲೆ ಹಸಿರು ಬೂಷ್ಟು, ಮತ್ತೆ ಹಿಟ್ಟು. ಕಣಜದ ಗೂಡಿನ ಹಾಗೆ ದಪ್ಪ. ಅವಳು ಕೈ ಹಾಕಿ ಅಲುಗಾಡಿಸಿದಳು. ಒಂಬತ್ತು ವರ್ಷದ ಹಿಂದಿನ ಅದೇ ಹುಳಿ ವಾಸನೆ.

"ಸೀನ, ಸೀಟಿನ ಹಿಂದೆ ಪಪ್ಪ ಇಟ್ಟ ದಪ್ಪ ಕೇಬಲ್, ಸ್ಪ್ಯಾನರ್ ಇರ್ತದೆ, ಕೊಡು."

ಕೇಬಲಿನ ಒಂದು ತುದಿಯನ್ನು ಬ್ಯಾಟರಿಯಲ್ಲಿ ಆ ಕಪ್ಪು ವಯರು ಹೊರಡುವ ಕಡೆಗೆ ಕಚ್ಚಿಸಿದಳು. ಚಾಸಿಯ ಮೇಲೆ ಒಂದು ಕಡೆ ಸ್ಪ್ಯಾನರಿನಿಂದ ಕೆರೆದು ಬರಿಯ ಕಬ್ಬಿಣ ತೋರಿಸಿದಳು. ಇನ್ನೊಂದು ತುದಿಯ ಕ್ಲಿಪ್ಪಿನ ಸ್ಪ್ರಿಂಗು ಮುರಿದಿತ್ತು. ಅಲ್ಲಿ ಯಾರಾದರೂ ಒತ್ತಿ ಹಿಡಿಯಬೇಕು. ದೂಜ ಬಗ್ಗಿದ.

"ನೀವಲ್ಲ ದೂಜಣ್ಣ. ಶೆಟ್ರು ಬರಲಿ."

"ನಾನಾ?"

"ಗಾಡಿ ನಿಮ್ಮದಲ್ವಾ?"

ಶೆಟ್ಟಿ ಸುತ್ತ ನೋಡಿದ. ನಲವತ್ತು ಮಂದಿಯಲ್ಲಿ ಒಬ್ಬನಾದರೂ 'ಬಿಡಿ ಶೆಟ್ರೇ, ನಾನು ಹಿಡೀತೇನೆ' ಎಂದರೆ ಮುಗಿಯುತ್ತಿತ್ತು. ಯಾರೂ ಅನ್ನಲಿಲ್ಲ. ಬಿಳಿ ಪ್ಯಾಂಟನ್ನು ಮೇಲೆಳೆದುಕೊಂಡು ಅವನು ಗಟಾರದ ಬದಿ ಮಂಡಿಯೂರಿ, ಚೆನ್ನಯನ ಪಾದದ ಕೆಳಗೆ ತಲೆ ತೂರಿಸಿದ. ತೂತಿನ ನೀರು ಅವನ ಕತ್ತಿನ ಮೇಲೆ ಹನಿಯಿತು.

"ಸೀನ, ತಿರುಗಿಸು."

ಗಾಡಿ ಗುಡುಗಿ ಎದ್ದಿತು. ಗೊಂಡೆ ಹೂವು ಉದುರಿತು. "ಬಂತು ಬಂತು!" ಎಂದರು ಜನ.

"ಬಂದ್ ಮಾಡು. ಶೆಟ್ರೇ, ಈಗ ಕೈ ತೆಗೀರಿ. ತಿರುಗಿಸು."

ಟಕ್.

"ಹಿಡೀರಿ."

ಗುಡುಗಿತು.

"ಬಂದ್ ಮಾಡು. ಕೈ ತೆಗೀರಿ."

ಟಕ್.

"ಎಷ್ಟು ಸಲ ಮಾರಾಯ್ತಿ?" ಕೆಳಗಿನಿಂದ ಶೆಟ್ಟಿಯ ದನಿ.

"ನಿಮಗೆ ನಂಬಿಕೆ ಬರುವ ತನಕ."

ಮೂರನೆಯ ಸಲವೂ ಮಾಡಿಸಿದಳು. ಆಮೇಲೆ ನಿಂತು ಕೇಳಿದಳು: "ಈ ತೂತು ಯಾರು ಕೊರೆಸಿದ್ದು?"

 ಈ ಸಲ ದೂಜ ತಾನಾಗಿಯೇ ಹೇಳಿದ. "ಶೆಟ್ರೇ. ಉಕ್ಕಿದ ಹಿಟ್ಟು ಒಳಗೆ ನಿಂತು ನಾರ್ತದೆ, ತೊಳೆದ ನೀರು ಹೋಟೆಲಿನ ಎದುರು ಚೆಲ್ಲಬಾರದು ಅಂತ. ಚೆನ್ನಯ ಬೇಡ ಅಂದಿದ್ದ. ನಿನಗೆ ತೊಳೀಲಿಕ್ಕೆ ಸೋಮಾರಿತನ ಅಂತ ಬೈದು ಕೊರೆಸಿದ್ರು."

ದಿನಾ ಸಂಜೆ ಚೆನ್ನಯ ಆ ತೂತಿನಲ್ಲಿ ಹುಳಿ ನೀರು ಬಿಟ್ಟ. ಹುಳಿ, ಉಪ್ಪು ಎರಡೂ ಇದ್ದ ನೀರು. ತೊಳೆ ಎಂದದ್ದಕ್ಕೆ ತೊಳೆದ, ತಿಕ್ಕಿ ತಿಕ್ಕಿ ತೊಳೆದ.

ಶೆಟ್ಟಿ ಎದ್ದು ನಿಂತು ಕರವಸ್ತ್ರದಿಂದ ಕತ್ತು ಒರೆಸಿಕೊಂಡ. "ಇದೆಲ್ಲ ನನಗೇನು ಗೊತ್ತಿತ್ತು?"

"ಅವರು ಹೇಳಿದ್ರಲ್ಲ ಶೆಟ್ರೇ" ಎಂದಳು ಹೊಸ್ತಿಲಲ್ಲಿದ್ದ ಶೀಲಾವತಿ. "ದಿನಾ ಹೇಳಿದ್ರು."

"ಚೆನ್ನಯ ಸುಳ್ಳು ಹೇಳಲಿಲ್ಲ ಅಂತ ಒಂದು ಮಾತು ಹೇಳಿ. ಇಲ್ಲೇ. ಎಲ್ಲರೆದುರು" ಎಂದಳು ಯಕ್ಷಿತಾ.

ಶೆಟ್ಟಿ ಗಡಿಯಾರ ನೋಡಿದ. "ಆಯ್ತಲ್ಲ ಮಗಾ, ಗಾಡಿ ಸರಿ ಆಯ್ತು. ಹೊರಡುವ. ಪಾಳಿ ತಪ್ಪಿದ್ರೆ ಮತ್ತೆ ಎರಡು ಗಂಟೆ."

 ಅವಳು ಮತ್ತೆ ಕುಳಿತು, ಬೋಲ್ಟು ಬಿಚ್ಚಿ, ಹಿಟ್ಟು ತುಕ್ಕುಗಳನ್ನೆಲ್ಲ ಉಗುರಿನಿಂದಲೇ ಕೆರೆದು, ಪಪ್ಪನ ಸ್ಪ್ಯಾನರಿನಿಂದ ಬಿಗಿದಳು. ಹತ್ತು ನಿಮಿಷವೂ ಹಿಡಿಯಲಿಲ್ಲ. ಎಂಟು.

ಕೇಬಲ್ ಇಲ್ಲದೆ, ಒಂದೇ ಚಾವಿಗೆ, ಗಾಡಿ ಶುರುವಾಯಿತು. ಯಕ್ಷಿತಾ ಹಿಂದೆ ಹತ್ತಿ ತಂದೆಯ ಪಕ್ಕ ಕುಳಿತಳು. ಹತ್ತಲು ಬಂದ ಶೆಟ್ಟಿಗೆ ದೂಜ ಹಿಂಬಾಗಿಲು ಮುಚ್ಚಿ ಚಿಲಕ ಹಾಕಿದ. "ಜಾಗ ಇಲ್ಲ ಶೆಟ್ರೇ. ನಡ್ಕೊಂಡು ಬನ್ನಿ."

ಸ್ಮಶಾನದಲ್ಲಿ ಕೊಳ್ಳಿ ಕೊಡುವ ಮೊದಲು ಭಟ್ಟರು ಅವಳ ಅಂಗೈ ನೋಡಿ, "ನಲ್ಲಿ ಅಲ್ಲುಂಟು, ತೊಳ್ಕೊಂಡು ಬಾರಮ್ಮ" ಎಂದರು. ಬೆರಳ ಸಂದುಗಳಲ್ಲಿ ಹಸಿರು ಬೂಷ್ಟು, ಉಗುರೊಳಗೆ ತುಕ್ಕು, ಹುಳಿ ಹಿಟ್ಟು. ಅವಳು ತೊಳೆಯಲಿಲ್ಲ. ಆ ಕೈಯಲ್ಲೇ ಕೊಳ್ಳಿ ಹಿಡಿದಳು.

ಮಗಳ ಕೈ ಗಾಡಿಗೆ ತಾಗಿತ್ತು. ಚೆನ್ನಯ ಒಂಬತ್ತು ವರ್ಷ ಕಾಯ್ದ ಮಾತು ಆ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಮುರಿಯಿತು.