ಅಳಲೊಲ್ಲದ ಹದಿನೆಂಟು ಪಿಟೀಲು

ನನ್ನ ಕಂಪ್ಯೂಟರಿನೊಳಗೆ ಹದಿನೆಂಟು ಜನ ಪಿಟೀಲಿನವರಿದ್ದರು. ಕೊಳಲು, ಕಹಳೆ, ನಗಾರಿ ಎಲ್ಲ ಸೇರಿದರೆ ಎಪ್ಪತ್ತಕ್ಕೂ ಹೆಚ್ಚು ಮಂದಿಯ ಮೇಳ. ಯಾವುದೋ ದೇಶದಲ್ಲಿ ನಿಜವಾದ ಕಲಾವಿದರನ್ನು ಕೂರಿಸಿ, ಒಂದೊಂದೇ ಸ್ವರವನ್ನು ರೆಕಾರ್ಡ್ ಮಾಡಿ, ಒಂಬತ್ತು ಡಿವಿಡಿಗಳಲ್ಲಿ ತುಂಬಿದ್ದ ಸಾಫ್ಟ್‌ವೇರು ಅದು. ಕಂಪ್ಯೂಟರಿಗೆ ಜೋಡಿಸಿದ ಸಂಗೀತದ ಕೀಬೋರ್ಡಿನಲ್ಲಿ ನಾನು ಒಂದು ಕೀ ಒತ್ತಿದರೆ ಸಾಕು, ಹದಿನೆಂಟೂ ಜನ ಒಟ್ಟಿಗೆ ಕಮಾನು ಎಳೆಯುತ್ತಿದ್ದರು. ಅವರು ಊಟ ಕೇಳುವುದಿಲ್ಲ, ರಿಹರ್ಸಲ್ಲಿಗೆ ತಡವಾಗಿ ಬರುವುದಿಲ್ಲ, ತಿರುಗಿ ಮಾತಾಡುವುದಿಲ್ಲ. ಹದಿನಾಲ್ಕು ವರ್ಷ ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿ, ಜೊತೆಯವರೊಂದಿಗೆ ಜಗಳವಾಡಿ ಸಾಕಾಗಿದ್ದ ನನಗೆ ಇದಕ್ಕಿಂತ ಸುಖ ಬೇರೆ ಇರಲಿಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಎರಡು ಸಾವಿರದ ಏಳನೇ ಇಸವಿ. ಶ್ರೀಗಂಧದ ಕಾವಲಿನಲ್ಲಿ ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಸೈಟುಗಳಾಗಿ, ಉಳಿದ ಒಂದರಲ್ಲಿ ನಮ್ಮ ಮನೆ ಎದ್ದಿತ್ತು. ಕೆಳಗಡೆ ನಾನು ಮತ್ತು ನಮ್ಮಮ್ಮ ಪಾಪಮ್ಮ. ಪಕ್ಕದ ಭಾಗದಲ್ಲಿ ಗದಗದ ಕಡೆಯ ವೀರೇಶನ ಸಂಸಾರ ಬಾಡಿಗೆಗಿತ್ತು. ಮಹಡಿಯ ಮೇಲಿನ ಒಂಟಿ ರೂಮಿನ ಗೋಡೆಗಳಿಗೆ ಹಳೇ ಹಾಸಿಗೆಯ ಸ್ಪಂಜು ಅಂಟಿಸಿದ್ದೆ. ಅದನ್ನು ನಾನು ಸ್ಟುಡಿಯೋ ಅನ್ನುತ್ತಿದ್ದೆ, ಅಮ್ಮ ಅಟ್ಟ ಅನ್ನುತ್ತಿದ್ದಳು.

ಬಸವೇಶ್ವರನಗರದಲ್ಲಿ ಡ್ಯಾನ್ಸ್ ಕಲಿಸುವ ಚೇತನಾ ಮೇಡಂ ತಮ್ಮ ಮಕ್ಕಳ ನೃತ್ಯರೂಪಕಕ್ಕೆ ಸಂಗೀತ ಮಾಡಿಕೊಡಿ ಎಂದಿದ್ದರು. ಕಥೆ ಚಿಕ್ಕದು. ಹೊಳೆ ಉಕ್ಕಿ ಮರಿಯಾನೆ ಕೊಚ್ಚಿಕೊಂಡು ಹೋಗುತ್ತದೆ, ತಾಯಾನೆ ದಡದಲ್ಲಿ ನಿಂತು ಅಳುತ್ತದೆ, ಕೊನೆಗೆ ಮರಿ ಸಿಗುತ್ತದೆ. ಆಮಂತ್ರಣ ಪತ್ರಿಕೆಯಲ್ಲಿ ‘ಸಂಗೀತ ನಿರ್ದೇಶನ: ಯೋಗಾನಂದ’ ಎಂದು ಅಚ್ಚಾಗಿತ್ತು. ಆರ್ಕೆಸ್ಟ್ರಾ ಬ್ಯಾನರುಗಳಲ್ಲಿ ಹಾಡುವವರ ಹೆಸರಿರುತ್ತಿತ್ತು, ನಾವೆಲ್ಲ ‘ಮತ್ತು ವೃಂದ’. ಆ ವೃಂದದಿಂದ ಹೊರಗೆ ಬರಲು ನನಗೆ ಹದಿನಾಲ್ಕು ವರ್ಷ ಹಿಡಿದಿತ್ತು. ಪತ್ರಿಕೆಯನ್ನು ದಿನಕ್ಕೆ ಹತ್ತು ಸಲ ಓದಿಕೊಳ್ಳುತ್ತಿದ್ದೆ ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ತಾಯಾನೆ ಅಳುವ ಭಾಗವೊಂದನ್ನು ಬಿಟ್ಟು ಎಲ್ಲ ಮುಗಿದಿತ್ತು. ಅದನ್ನು ಪೂರ್ತಿ ಪಿಟೀಲುಗಳಿಗೇ ಬಿಟ್ಟಿದ್ದೆ. ಶುಕ್ರವಾರ ಸಂಜೆ ಕೂತು ಕೀ ಒತ್ತಿದೆ. ಉದ್ದಕ್ಕೆ ಎಳೆಯಬೇಕಾದ ನಾದದ ಬದಲು ಟಕ್ ಟಕ್ ಟಕ್ ಎಂದಿತು. ಹದಿನೆಂಟೂ ಜನ ಕಮಾನು ಕೆಳಗಿಟ್ಟು ಬೆರಳಿನಿಂದ ತಂತಿ ಮೀಟುತ್ತಿದ್ದರು!

ಮೆಟ್ಟಿಲ ಕೆಳಗಿಂದ ಅಮ್ಮ ಕೂಗಿದಳು. “ಏನೋ ಅದು ಮೇಲೆ, ಸಾಸಿವೆ ಸಿಡಿದಂಗೆ?”

ಪರದೆಯ ಮೇಲೆ ನಾನು ಆರಿಸಿದ್ದು ಉದ್ದನೆಯ ನಾದವನ್ನೇ. ಮೌಸಿನಿಂದ ಮತ್ತೆ ಆರಿಸಿದೆ. ಟಕ್ ಟಕ್. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ. ಟಕ್ ಟಕ್. ಚೇತನಾ ಮೇಡಂಗೆ ಫೋನ್ ಮಾಡಿ ಎರಡು ದಿನ ಹೆಚ್ಚು ಕೇಳಿದೆ.

“ಪ್ರೋಗ್ರಾಂ ಮುಂದಿನ ವಾರದ ಭಾನುವಾರ ಯೋಗಾನಂದ್. ಗುರುವಾರ ಸಂಜೆಯೊಳಗೆ ಕೊಡಿ, ಮಕ್ಕಳಿಗೆ ಪ್ರಾಕ್ಟೀಸ್ ಆಗ್ಬೇಕಲ್ಲ? ಆಗ್ಲಿಲ್ಲ ಅಂದ್ರೆ ಹೋದ ವರ್ಷದ ರೂಪಕಾನೇ ಕ್ಯಾಸೆಟ್ ಹಾಕಿ ಮಾಡಿಸ್ತೀನಿ. ಬೇಜಾರ್ ಮಾಡ್ಕೋಬೇಡಿ” ಎಂದರು.

ಶನಿವಾರ ಬೆಳಿಗ್ಗೆ ಕಾಮಾಕ್ಷಿಪಾಳ್ಯದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಕವನಾಳನ್ನು ಕರೆಸಿದೆ. ಡಿಪ್ಲೊಮಾ ಓದಿದ ಹುಡುಗಿ, ಸ್ಕ್ರೂಡ್ರೈವರನ್ನು ಜಡೆಗೆ ಸಿಕ್ಕಿಸಿಕೊಂಡು ಓಡಾಡುವವಳು. ಸಿಪಿಯು ಬಿಚ್ಚಿ ನೋಡಿ, “ಅಂಗಡಿಗೆ ತಗೊಂಡ್ ಹೋಗ್ತೀನಿ ಯೋಗಣ್ಣ” ಎಂದು ಆಟೋದಲ್ಲಿ ಹಾಕಿಕೊಂಡು ಹೋದಳು. ಸಂಜೆ ಫೋನು ಬಂತು. “ಇಲ್ಲಿ ಸಖತ್ತಾಗಿ ಎಳೀತಾ ಇದೆ ಕಣಣ್ಣ! ಮೌಸಲ್ಲಿ ಒತ್ತಿ ನೋಡ್ದೆ, ಅಕ್ಕಪಕ್ಕದೋರೆಲ್ಲ ಬಂದು ನಿಂತ್ಕೊಂಡಿದಾರೆ.” ಮನೆಗೆ ತಂದು ಎಲ್ಲ ವೈರು ಸಿಕ್ಕಿಸಿದರೆ ಮತ್ತೆ ಟಕ್ ಟಕ್.

ಅಂಗಡಿಯಲ್ಲಿ ಸರಿ, ಮನೆಯಲ್ಲಿ ಸರಿಯಿಲ್ಲ. ಅಮ್ಮನಿಗೆ ಕಾರಣ ಗೊತ್ತಾಗಿಹೋಯಿತು. “ದೃಷ್ಟಿ ಕಣೋ. ಪತ್ರಿಕೇನ ಊರಿಗೆಲ್ಲ ಹಂಚ್ಕೊಂಡ್ ಬಂದ್ಯಲ್ಲ” ಎಂದು ಉಪ್ಪು ಮೆಣಸಿನಕಾಯಿ ತಂದು ಮಾನಿಟರಿಗೆ ಮೂರು ಸುತ್ತು ಇಳಿ ತೆಗೆದಳು. ಕವನಾಳಿಗೆ ಮಾತ್ರ ಅನುಮಾನ ಅರ್ಥಿಂಗಿನ ಮೇಲೆ. ಕಾಂಪೌಂಡಿನ ಮೂಲೆಯ ಅರ್ಥಿಂಗ್ ಗುಂಡಿಗೆ ಉಪ್ಪು ಸುರಿದು ನಾಲ್ಕು ಬಕೆಟ್ ನೀರು ಹಾಕಿಸಿದಳು. ಎರಡು ಚಿಕಿತ್ಸೆಗೂ ಒಂದೇ ಪ್ಯಾಕೆಟ್ಟಿನ ಉಪ್ಪು ಸಾಕಾಯಿತು, ಎರಡರಿಂದಲೂ ಏನೂ ಪ್ರಯೋಜನವಾಗಲಿಲ್ಲ. ಸೋಮವಾರ ಎಲ್ಲವನ್ನೂ ಅಳಿಸಿ ಒಂಬತ್ತು ಡಿವಿಡಿಗಳನ್ನೂ ಮೊದಲಿನಿಂದ ಹಾಕಿದೆವು. ಬೆಳಿಗ್ಗೆ ಶುರುವಾದದ್ದು ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ನಾನು ಕೈಮುಗಿದು ಕೀ ಒತ್ತಿದೆ. ಟಕ್.

ನನಗೆ ತಲೆ ಕೆಟ್ಟುಹೋಯಿತು. ಈ ರೂಮಿಗೆ ಇನ್ನು ಯಾರೂ ಕಾಲಿಡಕೂಡದು ಎಂದು ಶನಿವಾರವೇ ಮೆಟ್ಟಿಲ ಮೇಲೆ ನಿಂತು ಕೂಗಾಡಿದ್ದೆ. ಹಾಗೆ ಕೂಗಾಡಿದ್ದರಿಂದ ನಿಜವಾಗಿ ಪೆಟ್ಟು ಬಿದ್ದದ್ದು ಒಬ್ಬರಿಗೇ, ವೀರೇಶನ ಅಪ್ಪ ಅಮೀನಪ್ಪನವರಿಗೆ.

ಎಪ್ಪತ್ತು ದಾಟಿದ ಅಮೀನಪ್ಪನವರು ನಾಟಕ ಕಂಪನಿಗಳಲ್ಲಿ ಮೂವತ್ತು ವರ್ಷ ಹಾರ್ಮೋನಿಯಂ ನುಡಿಸಿದವರು. ಅವರ ಕಡೆ ಅದಕ್ಕೆ ಪೇಟಿ ಅನ್ನುತ್ತಾರೆ. ಪೇಟಿಗೆ ಗಾಳಿ ಹಾಕುವ ತಿದಿಯನ್ನು ಇಲಿ ಕಡಿದುಹಾಕಿ ಅದು ಊರಿನಲ್ಲೇ ಉಳಿದಿತ್ತು. ಮೂರು ವಾರದಿಂದ ಮಧ್ಯಾಹ್ನ ನಾನು ಊಟ ಮಾಡಿ ಅಡ್ಡಾಗುವ ಹೊತ್ತಿಗೆ ಮೇಲೆ ಬಂದು, ನನ್ನ ಕೀಬೋರ್ಡನ್ನಷ್ಟೇ ಆನ್ ಮಾಡಿಕೊಂಡು, ಅದರಲ್ಲೇ ಇರುವ ಹಾರ್ಮೋನಿಯಂ ದನಿಯಲ್ಲಿ ಮೆಲ್ಲಗೆ ನುಡಿಸಿಕೊಳ್ಳುತ್ತಿದ್ದರು. ನಾನೇ ಬನ್ನಿ ಎಂದಿದ್ದೆ. ಈಗ ಬರಬೇಡಿ ಎಂದಿದ್ದೂ ನಾನೇ. ಅವರು ಮೇಲೆ ಬರುವುದು ಬಿಟ್ಟರು. ದಿನಾ ಸಂಜೆ ಮೆಟ್ಟಿಲ ಕೆಳಗೆ ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದರು.

“ಆನಿ ಅತ್ತಿತೇನ್ರಿ ತಮ್ಮಾ?”

“ಇಲ್ಲ ಮೇಷ್ಟ್ರೇ.”

“ಅಳತೈತಿ ಬಿಡ್ರಿ. ಅಳೂದಕ್ಕ ಟೈಮ್ ಬೇಕಾಗ್ತದ.”

ಬುಧವಾರ ಮಧ್ಯಾಹ್ನ ಕೈಲಾಗದೆ, ಸುಮ್ಮನೆ ಕೂರಲೂ ಆಗದೆ, ಕೀಬೋರ್ಡ್ ಒರೆಸಲು ಕೂತೆ. ಮದುವೆ ಮನೆಗಳಲ್ಲಿ ಏಟು ತಿಂದ ಹಳೇ ಕೀಬೋರ್ಡು, ಅದರ ಅರ್ಧ ಡಜನ್ ಕೀಗಳು ಯಾವತ್ತೂ ಸ್ವಲ್ಪ ಕುಸಿದೇ ಇರುತ್ತಿದ್ದವು. ಎಡ ತುದಿಯಲ್ಲಿ ಪೇರಿಸಿದ್ದ ಡಿವಿಡಿಗಳನ್ನು ಎತ್ತಿಟ್ಟು ಬಟ್ಟೆ ಆಡಿಸಿದರೆ ಏನೋ ತಡೆಯಿತು. ಕೊನೆಯ ಎರಡು ಕೀಗಳ ನಡುವೆ ಎಂಟು ಮಡಿಕೆ ಮಾಡಿದ ಬಸ್ ಟಿಕೆಟ್ಟು! ಒಂದು ಕೀಯನ್ನು ಒತ್ತಿಹಿಡಿದು ಕೂತಿತ್ತು. ಉಗುರಿನಲ್ಲಿ ಎಬ್ಬಿ ತೆಗೆದು ಬಲಗಡೆಯ ಕೀ ಒತ್ತಿದೆ. ಹದಿನೆಂಟು ಕಮಾನುಗಳೂ ಒಟ್ಟಿಗೆ ಎದ್ದವು.

ಕವನಾಳಿಗೆ ಫೋನ್ ಮಾಡಿದೆ. ಸಾಫ್ಟ್‌ವೇರಿನ ಜೊತೆ ಬಂದಿದ್ದ ಪುಸ್ತಕವನ್ನು ಕೊನೆಗೂ ಓದುತ್ತಿದ್ದವಳು ಅವಳೇ. “ಅಣ್ಣಾ, ಎಡತುದಿಯ ಕೀಗಳಿಗೆ ಸ್ವರ ಇಲ್ವಂತೆ. ಅವು ಪಿಟೀಲ್ನೋರಿಗೆ ಸನ್ನೆ ಮಾಡೋಕಂತೆ. ಒಂದನ್ನ ಒತ್ತಿದ್ರೆ ಕಮಾನು ಎಳೀರಿ ಅಂತ, ಇನ್ನೊಂದನ್ನ ಒತ್ತಿದ್ರೆ ತಂತಿ ಮೀಟಿ ಅಂತ. ಅದಕ್ಕೇ ಅಂಗಡೀಲಿ ಸರಿ ಇತ್ತು ನೋಡಿ, ನಾನು ಕೀಬೋರ್ಡೇ ತಂದಿರ್ಲಿಲ್ಲ.” ಅಂದರೆ ಐದು ದಿನ ಆ ಟಿಕೆಟ್ಟು ನನ್ನ ಮೇಳಕ್ಕೆ ಮೀಟಿ, ಮೀಟಿ, ಮೀಟಿ ಎಂದು ಅಪ್ಪಣೆ ಕೊಡುತ್ತಲೇ ಇತ್ತು.

ಸಂತೋಷಪಡಬೇಕಾದ ಹೊತ್ತಿನಲ್ಲಿ ನನಗೆ ಬಂದದ್ದು ಸಿಟ್ಟು. ನನ್ನನ್ನು ಬಿಟ್ಟರೆ ಆ ಕೀಬೋರ್ಡ್ ಮುಟ್ಟುತ್ತಿದ್ದವರು ಒಬ್ಬರೇ. ದಡದಡ ಇಳಿದು ಹೋಗಿ, ಅಮೀನಪ್ಪನವರ ಸೊಸೆ, ಮೊಮ್ಮಗಳ ಎದುರಿಗೇ ಟಿಕೆಟ್ಟು ಹಿಡಿದು, “ಏನ್ರೀ ಇದು? ನನ್ನ ಮರ್ಯಾದೆ ಬೀದಿಪಾಲಾಗ್ತಿತ್ತಲ್ರೀ!” ಎಂದು ಕಿರುಚಿದೆ.

ಅವರು ಕನ್ನಡಕ ಹಾಕಿಕೊಂಡು ಟಿಕೆಟ್ಟನ್ನು ಬಿಡಿಸಿ ನೋಡಿದರು. “ನಂದ ಐತ್ರಿ. ಶ್ರುತಿ ಹಿಡಿದಿದ್ದೆ. ದಿನಾ ತಗದಿಡ್ತಿದ್ದೆ. ಶುಕ್ರವಾರ ಕೂಸು ಸಾಲಿಯಿಂದ ಬಂದು ಕರೀತು, ಎದ್ದು ಬಂದೆ.” ಅವರ ಮುಖ ಸಣ್ಣದಾಯಿತು. “ನಾನ ಕೆಡಿಸಿದ್ನೇನ್ರಿ? ತಪ್ಪಾತು. ಇನ್ನ ಮ್ಯಾಲೆ ಬರಂಗಿಲ್ರಿ.”

ಬಾಗಿಲಲ್ಲಿ ನಿಂತಿದ್ದ ಅಮ್ಮ ನನ್ನ ತೋಳು ಹಿಡಿದು ಈಚೆಗೆ ಎಳೆದಳು. “ಹಾರ್ಮೋನಿಯಂನೋರು ಶ್ರುತಿ ಹಿಡಿಯೋದೇ ಹಂಗೆ ಕಣೋ. ನಮ್ಮೂರ ನಾಟಕದಲ್ಲಿ ಒಂದು ಸ್ವರ ನಿಲ್ಲದಂಗೆ ಬರ್ತಿರ್ಲಿ ಅಂತ ಬೆಂಕಿಕಡ್ಡಿ ಸಿಗಿಸ್ತಿದ್ರು. ಕಣ್ಣೆದುರಿಗಿರೋದು ಐದು ದಿನ ನಿಂಗೆ ಕಾಣ್ಲಿಲ್ಲ, ಆ ಯಜಮಾನರ ಮೇಲೆ ಎಗರಾಡ್ತೀಯಲ್ಲ, ನಾಚ್ಕೆ ಆಗಲ್ವ?”

ಆಯಿತು. ಊಟ ಸೇರಲಿಲ್ಲ.

ಆ ಸಂಜೆ ತಾಯಾನೆಯ ಭಾಗವನ್ನು ನುಡಿಸಿದೆ. ಪಿಟೀಲುಗಳು ಹೇಳಿದ ಹಾಗೆ ಕೇಳಿದವು. ಸ್ವರ ಸರಿ, ತಾಳ ಸರಿ, ನಾದ ಬೆಣ್ಣೆಯ ಹಾಗಿತ್ತು. ಅಳು ಮಾತ್ರ ಬರಲಿಲ್ಲ. ನಾಲ್ಕು ಸಲ ನುಡಿಸಿದೆ. ಆನೆ ದಡದಲ್ಲಿ ಬಸ್ಸಿಗೆ ಕಾಯುತ್ತಾ ನಿಂತಂತೆ ಕೇಳುತ್ತಿತ್ತು. ಈಗ ಬೈಯಲು ಕಂಪ್ಯೂಟರೂ ಇಲ್ಲ, ಟಿಕೆಟ್ಟೂ ಇಲ್ಲ. ಕೊರತೆ ಇದ್ದದ್ದು ನನ್ನ ಕೈಯಲ್ಲೇ, ಮತ್ತು ಮೂವತ್ತು ವರ್ಷ ಪ್ರತಿದಿನ ಯಾರನ್ನಾದರೂ ಅಳಿಸಿದ ಕೈ ಕೆಳಗಿನ ಮನೆಯಲ್ಲಿತ್ತು.

ಗುರುವಾರ ಬೆಳಿಗ್ಗೆ ಹೋಗಿ ಬಾಗಿಲಲ್ಲಿ ನಿಂತೆ. “ಮೇಷ್ಟ್ರೇ, ನಿನ್ನೆ ಆಡಿದ್ದನ್ನ ಹೊಟ್ಟೆಗೆ ಹಾಕ್ಕೊಳ್ಳಿ. ಮೇಲೆ ಬನ್ನಿ. ಆ ತಾಯಾನೇನ ಅಳಿಸೋಕೆ ನನ್ನ ಕೈಲಿ ಆಗ್ತಾ ಇಲ್ಲ.”

“ನನಗ ಕಂಪ್ಯೂಟರ್ ಗೊತ್ತಿಲ್ರಿ.”

“ಅದು ನಂಗೆ ಗೊತ್ತು. ಅಳೋದು ನಿಮಗೆ ಗೊತ್ತು.”

ಅವರು ನನ್ನ ಹಿಂದೆ ಮೇಲೆ ಬಂದು ಕೀಬೋರ್ಡಿನ ಮುಂದೆ ಕೂತರು. “ಶ್ರುತಿ ಇಲ್ಲಂದ್ರ ನನ್ನ ಕೈ ಓಡಂಗಿಲ್ಲ” ಎಂದರು.

ಹಿಂದೆ ನಾನು ಕಲಿಯುವಾಗ ತಂದ ಸಣ್ಣ ಕೀಬೋರ್ಡೊಂದು ಮಂಚದ ಕೆಳಗಿತ್ತು. ಧೂಳು ಒರೆಸಿ, ಸೆಲ್ಲು ಹಾಕಿ, ಅವರ ಪಕ್ಕದಲ್ಲಿಟ್ಟೆ. ಅದರಲ್ಲಿ ಷಡ್ಜ ಹಿಡಿದರೆ ಅವರ ಕಿವಿಗೆ ಕೇಳುತ್ತದೆ, ಕಂಪ್ಯೂಟರಿಗೆ ತಲುಪುವುದಿಲ್ಲ. ಅಮೀನಪ್ಪನವರ ಕೈ ಟಿಕೆಟ್ಟು ಹುಡುಕಿಕೊಂಡು ತಾನಾಗಿ ಅಂಗಿಯ ಜೇಬಿಗೆ ಹೋಗಿ, ಏನೋ ನೆನಪಾದಂತೆ ಅಲ್ಲೇ ನಿಂತಿತು.

“ಬಿಡಿ ಮೇಷ್ಟ್ರೇ, ನಾನೇ ಹಿಡ್ಕೋತೀನಿ” ಎಂದು ನೆಲದ ಮೇಲೆ ಕೂತು, ಕೀಯ ಮೇಲೆ ಬೆರಳಿಟ್ಟೆ.

ಅವರು ನುಡಿಸಿದ್ದು ಬಹಳ ಕಡಿಮೆ. ಒಂದು ಸ್ವರದ ಮೇಲೆ ನಿಂತರು. ಮುಂದಿನದಕ್ಕೆ ಹೋಗುವಂತೆ ಮಾಡಿ, ಹೋಗದೆ, ಅಲ್ಲಿಗೇ ಮರಳಿದರು. ಗಾಳಿ ಹಾಕಲು ತಿದಿಯಿಲ್ಲದಿದ್ದರೂ ಅವರ ಎಡಗೈ ಗಾಳಿಯಲ್ಲಿ ಮೆಲ್ಲಗೆ ಆಡುತ್ತಲೇ ಇತ್ತು. ನಾಲ್ಕು ನಿಮಿಷ. ನನ್ನ ಬೆರಳು ಮರಗಟ್ಟಿತು, ಎತ್ತಲಿಲ್ಲ. ವೈರು ಸರಿಮಾಡಲು ಬಂದಿದ್ದ ಕವನಾ ಮೂಗು ಒರೆಸಿಕೊಂಡು “ನೆಗಡಿ” ಎಂದಳು. ನಾನಂತೂ ನೆಗಡಿ ಎನ್ನಲಿಲ್ಲ, ಅತ್ತೆ.

ಚೇತನಾ ಮೇಡಂಗೆ ಸಿ.ಡಿ. ಕೊಡುವಾಗ, ತಾಯಾನೆಯ ಭಾಗ ನನ್ನದಲ್ಲ, ಗದಗದ ಅಮೀನಪ್ಪ ಮೇಷ್ಟ್ರದು, ಮೈಕಿನಲ್ಲಿ ಅವರ ಹೆಸರು ಹೇಳಿಸಿ ಎಂದೆ. ಇಡೀ ರೂಪಕದ ಜೀವ ಆ ಭಾಗ. ಅದನ್ನು ಬಿಟ್ಟುಕೊಡಲು ನನಗೆ ಒಂಚೂರು ಕಷ್ಟವಾಯಿತು, ಸುಳ್ಳು ಯಾಕೆ ಹೇಳಲಿ? ಆದರೆ ಮನೆಗೆ ಬರುವಾಗ ಬಸ್ಸಿನಲ್ಲಿ ಅದನ್ನೇ ಗುನುಗುತ್ತಿದ್ದೆ.

ಭಾನುವಾರ ವಿಜಯನಗರದ ಸಭಾಂಗಣ ತುಂಬಿತ್ತು. ಮೂರನೇ ಸಾಲಿನಲ್ಲಿ ನನ್ನ ಮತ್ತು ಅಮ್ಮನ ನಡುವೆ ಅಮೀನಪ್ಪನವರು ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಕೂತಿದ್ದರು. ಮೈಕಿನಲ್ಲಿ ಅವರ ಹೆಸರು ಬಂದಾಗ ಅಮ್ಮ ಅವರ ಮೊಣಕೈ ತಿವಿದಳು, ಅವರು ತಲೆ ತಗ್ಗಿಸಿದರು. ಬೂದು ಬಟ್ಟೆಯ ತಾಯಾನೆ ದಡಕ್ಕೆ ಬಂತು. ಪಿಟೀಲುಗಳು ಎದ್ದವು. ಅಷ್ಟರಲ್ಲಿ ಅಮೀನಪ್ಪನವರು ಕುರ್ಚಿಯ ಬೆನ್ನು ಹಿಡಿದುಕೊಂಡು ಪೂರ್ತಿ ಹಿಂದಕ್ಕೆ ತಿರುಗಿ ಕೂತುಬಿಟ್ಟರು.

ಹಿಂದಿನ ಸಾಲಿನ ಹೆಂಗಸು ಪಿಸುಗುಟ್ಟಿದಳು. “ಅಜ್ಜ, ಮುಂದೆ ನೋಡಿ, ಆನೆ ಬಂದಿದೆ.”

“ಯಾಕೆ ಮೇಷ್ಟ್ರೇ?” ಎಂದೆ.

“ಕಂಪನಿಯೊಳಗ ನಾನು ಸ್ಟೇಜಿಗೆ ಮಾರಿ ಮಾಡಿ, ಕೆಳಗ ತೆಗ್ಗಿನ್ಯಾಗ ಕುಂದರ್ತಿದ್ದೆ. ಮಂದಿ ಎಲ್ಲಾ ನನ್ನ ಬೆನ್ನಿಗಿರ್ತಿದ್ರು” ಎಂದರು, ಕೂತ ಜನರ ಮೇಲಿಂದ ಕಣ್ಣು ತೆಗೆಯದೆ. “ಮೂವತ್ತ ವರ್ಷ ಅಳೂದು ಕೇಳೀನಿ ತಮ್ಮಾ. ಒಬ್ಬರ ಮಾರಿನೂ ನೋಡಿಲ್ಲ.”

ವೇದಿಕೆಯ ಬೆಳಕು ಸಾಲುಸಾಲಾಗಿ ಮುಖಗಳ ಮೇಲೆ ಬಿದ್ದಿತ್ತು. ಕ್ಯಾಮೆರಾ ಹಿಡಿದಿದ್ದ ಅಪ್ಪಂದಿರು ಅದನ್ನು ಕೆಳಗಿಳಿಸಿದ್ದರು. ಮುಂದೆ ನೋಡಿ ಎಂದ ಹೆಂಗಸೇ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಮೀನಪ್ಪನವರು ಒಂದೊಂದೇ ಮುಖವನ್ನು ನೋಡುತ್ತಾ ಹೋದರು. ನಾನೂ ಹಿಂದಕ್ಕೆ ತಿರುಗಿ ಕೂತೆ. ಮರಿಯಾನೆ ಯಾವಾಗ ಸಿಕ್ಕಿತೋ, ನಾವಿಬ್ಬರೂ ನೋಡಲಿಲ್ಲ.