ಟರ್ನ್ ಅಪ್ ಆದ ಮುಖ್ಯ ಅತಿಥಿ

ಕೊಟ್ಟೂರಿನ ಗವಿಸಿದ್ದೇಶ್‌ಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರಾದರೂ ಅಂದರೆ ಸಿಟ್ಟು ಬರುತ್ತಿತ್ತು. ಇಪ್ಪತ್ತು ವರ್ಷದಿಂದ ಮದುವೆ, ಸೀಮಂತ, ಸಭೆಗಳಿಗೆ ಮೈಕ್‌ಸೆಟ್ ಹಾಕುತ್ತ ಬಂದವನು ಅವನು. ಯಂತ್ರದ ಮೇಲಿನ ಇಂಗ್ಲಿಷನ್ನೆಲ್ಲ ಅರೆದು ಕುಡಿದಿದ್ದ. ಟರ್ನ್ ಅಪ್ ಎಂದರೆ ಸೌಂಡು ಏರಿಸು, ಟರ್ನ್ ಡೌನ್ ಎಂದರೆ ಇಳಿಸು. ಇದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ಅರ್ಚನಾ ಮೇಡಂ ಇಂಗ್ಲಿಷ್ ಮಾತಾಡಲು ಕಲಿಸುವ ತರಗತಿ ತೆರೆದಾಗ ಉದ್ಘಾಟನೆಯ ಮೈಕಿನ ಕೆಲಸ ಅವನಿಗೇ ಬಂತು. ಊರಿಗೆಲ್ಲ ಇಂಗ್ಲಿಷ್ ಕಲಿಸುವವಳು ಕನ್ನಡದಲ್ಲಿ ಮೆಸೇಜ್ ಕಳಿಸಿದರೆ ಚೆನ್ನಾಗಿರುವುದಿಲ್ಲ ಎಂದು ಮೇಡಂ ಆ ದಿನ ಪೂರ್ತಿ ಇಂಗ್ಲಿಷಿನಲ್ಲೇ ಬರೆಯುವ ಪಣ ತೊಟ್ಟಿದ್ದರು. ಒಂಬತ್ತೂವರೆಗೆ ಮಹಡಿಯ ಮೇಲಿಂದ ಕಳಿಸಿದರು: “ಚೀಫ್ ಗೆಸ್ಟ್ ವಿಲ್ ಟರ್ನ್ ಅಪ್ ಅಟ್ ಟೆನ್.”

ಮುಖ್ಯ ಅತಿಥಿ ಹತ್ತಕ್ಕೆ ಬರುತ್ತಾರೆ ಎಂದು ಮೇಡಂ ಬರೆದದ್ದು. ಮುಖ್ಯ ಅತಿಥಿಗಾಗಿ ಹತ್ತಕ್ಕೆ ಸೌಂಡು ಏರಿಸು ಎಂದು ಇವನು ಓದಿದ್ದು. ವಯಸ್ಸಾದವರು, ಕಿವಿ ಮಂದ ಇರಬೇಕು ಪಾಪ, ಎಂದುಕೊಂಡ.

ಹತ್ತಾಯಿತು. ಹಾಡು ಹಾಕಿ ಗುಂಡಿ ತಿರುವಿದ. ಎದುರಿನ ಖಾನಾವಳಿಯ ತಾಟುಗಳು ನಡುಗಿದವು. ಬೇವಿನ ಮರಕ್ಕೆ ಕಟ್ಟಿದ್ದ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಅದೇ ಹೊತ್ತಿಗೆ ಹರಪನಹಳ್ಳಿ ಬಸ್ಸಿಳಿದು, ಕೈಚೀಲ ಹಿಡಿದು, ಅಂಜಿನೇಯಲು ಎಂಬ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಬಂದರು. ಅವರೇ ಮುಖ್ಯ ಅತಿಥಿ. ಅದನ್ನು ಮೂರು ಸಲ ಹೇಳಿಯೂ ಹೇಳಿದರು. ಗವಿಸಿದ್ದೇಶ್‌ಗೆ ಅವರ ತುಟಿ ಅಲ್ಲಾಡಿದ್ದಷ್ಟೇ ಕಂಡಿತು. ಜನರೇಟರಿನವನು ಕಳಿಸುತ್ತೇನೆಂದಿದ್ದ ಆಳು ಇವರೇ ಎಂದು ತಿಳಿದು, ವೈರಿನ ಸುರುಳಿಯೊಂದನ್ನು ಅವರ ಕೈಗಿತ್ತು, ಆ ಕಡೆ ಎಳೆಯಿರಿ ಎಂದು ಸನ್ನೆ ಮಾಡಿದ. ನಲವತ್ತು ವರ್ಷ ಮಕ್ಕಳ ಗಲಾಟೆಯಲ್ಲಿ ಬದುಕಿದ ಮೇಷ್ಟ್ರು ವಾದಿಸದೆ ಎಳೆದರು.

“ಹ್ಯಾಸ್ ಹೀ ಟರ್ನ್ಡ್ ಅಪ್?” ಎಂದು ಮೇಡಂ ಮೆಸೇಜಿನಲ್ಲಿ ಕೇಳಿದರು. “ಎಸ್ ಮೇಡಂ, ಫುಲ್” ಎಂದು ಗವಿಸಿದ್ದೇಶ್ ಬರೆದ. ಹಾಗಾದರೆ ಅವರನ್ನು ಮುಂದೆ ಕೂರಿಸಿ ಹಾರ ಹಾಕು ಎಂದು ಮತ್ತೆ ಇಂಗ್ಲಿಷಿನಲ್ಲಿ ಬಂತು. ಕೂರಿಸುವುದು, ಹಾರ ಹಾಕುವುದು ಎರಡೂ ಅವನಿಗೆ ಅರ್ಥವಾದವು. ಯಾರಿಗೆ ಎಂಬುದೊಂದೇ ಪ್ರಶ್ನೆ. ಅಲ್ಲಿ ಟರ್ನ್ ಅಪ್ ಆಗಿದ್ದದ್ದು ಸ್ಪೀಕರ್ ಡಬ್ಬ ಒಂದೇ. ಕೆಲಸಕ್ಕೆ ಮುಂಚೆ ಯಂತ್ರಪೂಜೆ ಮಾಡಿಸುತ್ತಿದ್ದಾರೆ, ಎಂಥ ದೈವಭಕ್ತೆ ಎಂದು ಮನಸ್ಸಿನಲ್ಲೇ ಮೆಚ್ಚಿ, ಡಬ್ಬದ ಒಂದು ತುದಿಯನ್ನು ಮೇಷ್ಟ್ರಿಗೆ ಹಿಡಿಸಿ, ಮೆತ್ತನೆ ಕುರ್ಚಿಯ ಮೇಲೆ ಅದನ್ನು ಕೂರಿಸಿ, ಚೆಂಡುಹೂವಿನ ಹಾರ ಹಾಕಿದ. ಮೇಷ್ಟ್ರು ಊದುಬತ್ತಿ ಹಚ್ಚಿದರು.

ಮೇಡಂ ಶಾಲು ಹಿಡಿದು ಇಳಿದು ಬಂದವರು ಕುರ್ಚಿಯನ್ನು ನೋಡಿ ನಿಂತುಬಿಟ್ಟರು. ಹಾಡು ನಿಲ್ಲಿಸಲು ಕೈಮಾಡಿದರು, ಅವನು ನಿಲ್ಲಿಸಿದ. ಅವರ ಇಂಗ್ಲಿಷ್ ಪಣವೂ ಅಲ್ಲಿಗೇ ನಿಂತಿತು.

“ಗೆಸ್ಟ್ ಎಲ್ಲಿ ಅದಾರ?”

“ಇನ್ನೂ ಬಂದಿಲ್ರಿ ಮೇಡಂ. ನೀವು ಹೇಳಿದಂಗ ಟರ್ನ್ ಅಪ್ ಮಾಡೀನಿ, ಕುಂದ್ರಿಸೀನಿ, ಹಾರಾನೂ ಹಾಕೀನಿ.”

“ನಾನು ಬಂದು ಅರ್ಧ ತಾಸಾತಮ್ಮ,” ಎಂದರು ಮೇಷ್ಟ್ರು, ಬೆಂಕಿಪೊಟ್ಟಣ ಹಿಡಿದು ಡಬ್ಬದ ಹಿಂದಿನಿಂದ ಬರುತ್ತ. “ಟರ್ನ್ ಅಪ್ ಆದವ ನಾನು. ಹಾರ ಮಾತ್ರ ಡಬ್ಬಕ್ಕ ಬಿತ್ತು.”

ಗವಿಸಿದ್ದೇಶ್‌ಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಓಡಿ ಹೋಗಿ ಅವರ ಕಾಲಿಗೆ ಬಿದ್ದ. ಮೇಷ್ಟ್ರು ನಕ್ಕು ಎಬ್ಬಿಸಿ, ಶಿಕ್ಷಣದ ಮಹತ್ವದ ಬಗ್ಗೆ ಬರೆದು ತಂದಿದ್ದ ನಾಲ್ಕು ಹಾಳೆಗಳನ್ನು ಚೀಲದೊಳಗೇ ಬಿಟ್ಟು ಮೈಕ್ ಹಿಡಿದರು.

ಕರೆದವರು ಬಂದರೂ ಟರ್ನ್ ಅಪ್, ಕರೆಯದವರು ಬಂದರೂ ಟರ್ನ್ ಅಪ್ ಎಂದರು. ಹೋದ ವರ್ಷ ಕಳೆದ ಕನ್ನಡಕ ಇವತ್ತು ಅಟ್ಟದ ಮೇಲೆ ಸಿಕ್ಕರೆ ಅದೂ ಟರ್ನ್ ಅಪ್. ಶೋ ಅಪ್ ಎಂದರೂ ಹೆಚ್ಚುಕಡಿಮೆ ಅದೇ, ಆದರೆ ಕನ್ನಡಕಕ್ಕೆ ಒಗ್ಗುವುದಿಲ್ಲ. ಅರೈವ್ ಎಂಬುದು ಇಸ್ತ್ರಿ ಮಾಡಿದ ಅಂಗಿಯಂಥ ಮಾತು. ರೈಲಿಗೆ, ಮಂತ್ರಿಗೆ ಇರಲಿ. ನಮ್ಮಲ್ಲೂ ಹಾಗೇ ಅಲ್ಲವೇ ಎಂದು ಸಭೆಯನ್ನು ಕೇಳಿದರು. ಸ್ವಾಮಿಗಳು ಬಂದರೆ ದಯಮಾಡಿಸಿದರು ಎಂದು ಹೆಂಗಸರ ಸಾಲಿನಿಂದ ಉತ್ತರ ಬಂತು. ಅಧಿಕಾರಿ ಬಂದರೆ ಆಗಮಿಸಿದರು ಎಂದ ಇನ್ನೊಬ್ಬ.

“ಉಣ್ಣೋ ಹೊತ್ತಿಗೆ ಹೇಳದೆ ಬರೋ ಹೆಂಡತಿ ತಮ್ಮಗ ಏನಂತೀರಿ?”

ಮರ್ಯಾದೆ ಉಳಿಸಿಕೊಳ್ಳುವ ಆತುರದಲ್ಲಿದ್ದ ಗವಿಸಿದ್ದೇಶ್ ಇನ್ನೊಂದು ಮೈಕಿಗೆ ಬಾಯಿ ಹಚ್ಚಿ, “ವಕ್ಕರಸ್ತಾನ್ರಿ,” ಎಂದ. ಗುಂಡಿ ಇನ್ನೂ ಏರಿಸಿದಲ್ಲೇ ಇತ್ತು. ಬಸ್ ನಿಲ್ದಾಣದವರೆಗೆ ಕೇಳಿಸಿತು. ಅವನ ಹೆಂಡತಿಯ ತಮ್ಮ ಪ್ರವೀಣಕುಮಾರ್ ಅಷ್ಟು ದೂರವೇನೂ ಇರಲಿಲ್ಲ. ಎರಡನೇ ಸಾಲಿನಲ್ಲಿ ಕೂತಿದ್ದ. ಎದ್ದು, ಪಂಚೆ ಕೊಡವಿ, ಹೊರಟುಹೋದ.

ಆಮೇಲೆ ಒಂದು ವಾರ ಅವನು ಅಕ್ಕನ ಮನೆ ಕಡೆ ತಲೆ ಹಾಕಲಿಲ್ಲ. ಗವಿಸಿದ್ದೇಶನ ಹೆಂಡತಿ ಪುಷ್ಪಲತಾ ಮಾತು ಬಿಟ್ಟಳು, ಮರುದಿನದಿಂದ ಪಲ್ಯಕ್ಕೆ ಉಪ್ಪನ್ನೂ ಬಿಟ್ಟಳು. ಎಂಟನೆಯ ದಿನ ಗವಿಸಿದ್ದೇಶ್ ಸೋತು, ಕ್ಷಮೆ ಕೇಳಲೆಂದು ಹಡಗಲಿಯ ಪ್ರವೀಣಕುಮಾರನ ಮನೆಗೆ ಹೋದ. ಬಸ್ಸು ತಡವಾಗಿ, ತಲುಪಿದಾಗ ಅವರೆಲ್ಲ ಸರಿಯಾಗಿ ತಾಟಿನ ಮುಂದೆ ಕೂತಿದ್ದರು.

ಪ್ರವೀಣಕುಮಾರ್ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ತಲೆಯೆತ್ತಿದ. “ಮಾಮಾ, ಈಗ ನಿಮಗ ಏನನ್ನಬೇಕು? ಬಂದ್ರಿ ಅನ್ಲೋ, ದಯಮಾಡಿಸಿದ್ರಿ ಅನ್ಲೋ?”

ಗವಿಸಿದ್ದೇಶ್ ಹೊಸಿಲಾಚೆ ಚಪ್ಪಲಿ ಬಿಟ್ಟ. ಒಳಗಿಂದ ಪುಂಡಿಪಲ್ಯದ ಒಗ್ಗರಣೆ ಘಮಘಮ ಎನ್ನುತ್ತಿತ್ತು. ಏನಾದರೂ ಅನ್ನು, ತಮ್ಮ, ಮೊದಲು ಒಂದು ತಾಟು ಇಡಿಸು ಎಂದ.